ಜಟ್ಟನ ದಂಬೆ

ಮೋಡ ಕಂಡರೆ ಸಾಕು, ಬೆಳಕೆ ಊರಿನ ಜಟ್ಟ ಮೊಗೇರನಿಗೆ ಸೂರಿನ ನೀರು ಹರಿಸುವ ಮರದ ದಂಬೆಯದೇ ಚಿಂತೆ. ಏಣಿ ಹತ್ತಿ ತೆಂಗಿನ ಹೂವು, ಒಣಗಿದ ಎಲೆ ಬಾಚುತ್ತಾನೆ. ದೋಣಿಗೆ ಮಾಡುವ ಹಾಗೆ ಬಿರುಕಿಗೆ ಹತ್ತಿ ತುರುಕಿ ರಾಳ ಬಳಿಯುತ್ತಾನೆ. ಇಳಿದವನು ಅನುಮಾನ ಬಂದು ಮತ್ತೆ ಹತ್ತುತ್ತಾನೆ. ಮಳೆಗಾಲದಲ್ಲಿ ಅವನ ಏಣಿ ಗೋಡೆ ಬಿಟ್ಟದ್ದನ್ನು ಯಾರೂ ಕಂಡಿಲ್ಲ. “ನೀರು ಸರಿ ಬೀಳ್ತದಲ್ಲ ಮಾವ, ಇನ್ನೆಂತ?” ಎಂದು ಸೊಸೆ ದುರ್ಗಿ ಕೇಳಿದರೆ, “ಸದ್ದು ಕಮ್ಮಿ ಆತು, ಮಗಾ” ಎನ್ನುತ್ತಾನೆ. ದಂಬೆಯ ಬಾಯಿಯ ಕೆಳಗೆ ಸೀಮೆಎಣ್ಣೆ ಡಬ್ಬ ಬೋರಲು ಹಾಕಿದವನೂ ಅವನೇ. ನೀರು ಬಿದ್ದರೆ ಒಳಗೆ ಮಾತೇ ಕೇಳಿಸದು. ಮಗ ಮೀನಿಗೆ ಹೋದ ದಿನ ದುರ್ಗಿಯ ಕಿವಿಗೆ ಕಡಲಿನ ಮೊರೆತ ಬೀಳಬಾರದು. ತಾನು ಮಾತ್ರ ಡಬ್ಬದ ಸದ್ದು ತಲುಪದ ಬೇಲಿಯಂಚಿಗೆ ಹೋಗಿ, ನೆನೆಯುತ್ತಲೇ ಕಡಲಿಗೆ ಕಿವಿಗೊಟ್ಟು ನಿಲ್ಲುತ್ತಾನೆ.