ತೋಳಿಗೆ ಸೇರಿಸಿದ ಪಟ್ಟಿ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ನಲವತ್ತು ವರ್ಷ ಯೂನಿಫಾರಂ ಹೊಲಿದವಳು. ಶಾಲೆ ಮಕ್ಕಳದ್ದು, ನರ್ಸುಗಳದ್ದು, ಬಸ್ ಕಂಡಕ್ಟರುಗಳದ್ದು. ಅಂಗಡಿ ಅಂದರೆ ರಸ್ತೆಗೆ ತೆರೆದುಕೊಂಡ ಒಂದೇ ಕೋಣೆ. ಬಾಗಿಲ ಬೆಳಕಿಗೆ ಎರಡು ಮೆಷಿನ್ನು, ಒಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಯಾರಾದರೂ ಎದುರು ಬಂದು ನಿಂತರೆ ಅವಳು ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಭುಜವನ್ನು. ವಯಸ್ಸಿನಲ್ಲಿ ಅವಳಿಗೊಂದು ಗಂಡು ತೋರಿಸಿದ್ದರಂತೆ. ಹುಡುಗ ಹೇಗಿದ್ದಾನೆ ಎಂದು ಕೇಳಿದರೆ, "ಎಡಗಡೆ ಅರ್ಧ ಇಂಚು ಇಳಿದಿದೆ" ಅಂದಳಂತೆ. ಆ ಮಾತು ಅಲ್ಲಿಗೇ ನಿಂತಿತು. ಆಮೇಲೆ ಅವಳು ಮದುವೆಯ ಗೊಡವೆಗೇ ಹೋಗಲಿಲ್ಲ.

ನಮ್ಮಜ್ಜಿ ತೀರಿಕೊಂಡ ವರ್ಷ ಅತ್ತೆಗೆ ಅರವತ್ತು ದಾಟಿತ್ತು. ಅಜ್ಜಿಯ ಪೆಟ್ಟಿಗೆ ತೆಗೆದಾಗ ತಳದಲ್ಲಿ ಸಿಪಾಯಿ ತಾತನ ಕೋಟು ಸಿಕ್ಕಿತು. ಸಿಪಾಯಿ ತಾತ ಅಂದರೆ ಅತ್ತೆಯ ಮುತ್ತಾತ, ಅವಳ ತಾತನ ಅಪ್ಪ. ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದಾಚೆ ಯುದ್ಧಕ್ಕೆ ಹೋಗಿ, ಬದುಕಿ ಬಂದವನು ಎಂದು ಮನೆಯಲ್ಲಿ ಅವನ ದೊಡ್ಡ ಹೆಸರು. ನಮ್ಮ ನಡುಮನೆಯಲ್ಲಿ ಅವನ ಪಟ ಇದೆ. ಎತ್ತರದ ಆಳು, ಪಕ್ಕದ ಕುರ್ಚಿಯಲ್ಲಿ ಹೆಂಡತಿ. ಕೋಟಿನ ಎರಡೂ ತೋಳುಗಳ ತುದಿಯಲ್ಲಿ ಕಪ್ಪಗೆ ಒಂದೊಂದು ಪಟ್ಟಿ. ಅದು ಬಡ್ತಿಯ ಗುರುತು ಎಂದು ನಾವೆಲ್ಲ ಹೆಮ್ಮೆಪಡುತ್ತಿದ್ದೆವು.

"ನುಸಿ ಹಿಡಿದಿರುತ್ತೆ, ಸುಟ್ಟುಬಿಡೋಣ" ಎಂದ ಅಪ್ಪ.

"ಬಟ್ಟೆ ಸುಡೋ ಮಾತು ನನ್ನೆದುರು ಆಡಬೇಡ" ಎಂದು ಅತ್ತೆ ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮೂರು ದಿನ ಕಳೆದು ನನಗೆ ಫೋನ್ ಬಂತು. "ಊಟ ಮಾಡಿ ಅಂಗಡಿಗೆ ಬಾ. ನಿನ್ನ ಹೆಗಲು ಬೇಕು."

ಮಧ್ಯಾಹ್ನದ ಹೊತ್ತು. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಮೇಜಿನ ಮೇಲೆ ಕೋಟನ್ನು ಅಂಗಾತ ಮಲಗಿಸಿದ್ದಳು. ಗುಂಡಿಗಳೆಲ್ಲ ಹಾಕಿ, ತೋಳುಗಳನ್ನು ಪಕ್ಕಕ್ಕೆ ಇಳಿಬಿಟ್ಟಿದ್ದರಿಂದ ಅಲ್ಲಿ ಯಾರೋ ಮಲಗಿದಂತೆಯೇ ಕಾಣುತ್ತಿತ್ತು. ಅವಳು ಅದನ್ನು ಎತ್ತಿ ನನಗೆ ತೊಡಿಸಿದಳು. ಕರ್ಪೂರದ ವಾಸನೆ, ಅದರ ಕೆಳಗೆ ಇನ್ನೇನೋ ಹಳೆಯ ವಾಸನೆ. ನಾನು ಮನೆಯಲ್ಲೆಲ್ಲ ಉದ್ದದವನು, ರೆಡಿಮೇಡ್ ಅಂಗಿ ನನಗೆ ಯಾವತ್ತೂ ಸರಿಹೋದದ್ದಿಲ್ಲ. ಈ ಕೋಟು ನನ್ನ ಅಳತೆ ತಗೊಂಡು ಹೊಲಿದ ಹಾಗೆ ಕೂತಿತು.

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. "ಬಿಚ್ಚು" ಎಂದಳು. ದನಿ ಸಣ್ಣಗಾಗಿತ್ತು.

ಆಮೇಲೆ ಕೋಟನ್ನು ಒಳಮೈ ಹೊರಗಾಗಿ ತಿರುಗಿಸಿ ತೋರಿಸಿದಳು. ಮೊದಲು ಇದನ್ನು ಹೊಲಿದದ್ದು ಕಸುಬು ಬಲ್ಲವನು. ಮೇಣ ಹಚ್ಚಿದ ದಾರ, ಒಂದೇ ಸಮನಾದ ಹೊಲಿಗೆ. ಹೊಲಿಸಿಕೊಂಡವನು ಗಿಡ್ಡ, ಕಿರಿದಾದ ಬೆನ್ನಿನವನು. ಅವನ ಎಡಭುಜ ಎಷ್ಟು ಇಳಿದಿತ್ತೆಂದರೆ ಒಳಗೆ ಹತ್ತಿ ತುಂಬಿ ಸರಿಮಾಡಿದ್ದರು. ಆಮೇಲೆ ಇನ್ನೊಂದು ಕೈ ಅದನ್ನೆಲ್ಲ ಬಿಚ್ಚಿತ್ತು. ಪಕ್ಕೆಗಳಿಗೆ ಬೇರೆ ಬಟ್ಟೆ ಕೊಟ್ಟು, ಭುಜದ ಹತ್ತಿ ಕಿತ್ತು, ಅಂಚು ಇಳಿಸಿ, ತೋಳುಗಳಿಗೆ ನಾಲ್ಕು ನಾಲ್ಕು ಅಂಗುಲ ಸೇರಿಸಿತ್ತು. ನಾವು ಬಡ್ತಿ ಎಂದುಕೊಂಡಿದ್ದ ಪಟ್ಟಿ ಸೀರೆಯ ತುಂಡು.

"ಈ ಎರಡನೇ ಹೊಲಿಗೆ ನೋಡು. ಎಡಕ್ಕೆ ವಾಲಿದೆ. ಎಡಗೈಯವರು ಹೊಲಿದದ್ದು" ಎಂದು ಅವಳು ತನ್ನ ಎಡಗೈಯನ್ನು ಅದರ ಪಕ್ಕ ಇಟ್ಟಳು. ಅತ್ತೆಗೆ ಎಡಗೈ ಬಳಕೆ ಸಿಪಾಯಿ ತಾತನ ಹೆಂಡತಿಯಿಂದ ಬಂದದ್ದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

"ಇನ್ಯಾರದೋ ಹಳೇ ಕೋಟು ಸಿಕ್ಕಿರಬಹುದಲ್ಲ ಅತ್ತೆ?"

"ಕಾಲರಿನ ಒಳಗೆ ನಂಬರ್ ಬರೆದಿದೆ. ಅದು ಯಾರದ್ದು ಅಂತ ನೋಡಿಬಿಟ್ರೆ ಆಯ್ತು."

ಸೈನ್ಯದ ಹಳೆಯ ಕಡತಗಳನ್ನಿಟ್ಟ ಕಚೇರಿ ರೈಲಿನಲ್ಲಿ ಎರಡು ಗಂಟೆಯ ದಾರಿ. ಓದುವ ಕೋಣೆಯಲ್ಲಿ ಎತ್ತರದ ಕಿಟಕಿಗಳು, ಹಸಿರು ಬಟ್ಟೆ ಹೊದಿಸಿದ ಮೇಜುಗಳು. ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ನಾವಿಬ್ಬರು ಬಿಟ್ಟರೆ ಓದಲು ಬಂದವರು ಯಾರೂ ಇರಲಿಲ್ಲ. ದಫ್ತರ ನೋಡಿಕೊಳ್ಳುವವರು ಸಣಕಲು ಮನುಷ್ಯ, ಕುತ್ತಿಗೆಗೆ ಮಫ್ಲರು. ಅತ್ತೆ ಬರೆದುಕೊಟ್ಟ ನಂಬರನ್ನು ಓದಿ, ತಲೆಯೆತ್ತಿ, ಅವಳನ್ನು ಬಿಟ್ಟು ನನ್ನನ್ನು ನೋಡಿದರು.

"ನೀವು ಒಂದ್ಸಲ ನೋಡ್ಕೊಂಡು ಹೋಗಿದ್ದಿರಲ್ಲ?"

"ಇಲ್ಲ ಸಾರ್, ಇದೇ ಮೊದಲು."

ಅವರು ನಂಬಿದಂತೆ ಕಾಣಲಿಲ್ಲ. ಒಳಗೆ ಹೋಗಿ ಎದೆಗವಚಿಕೊಂಡು ಒಂದು ದಪ್ಪ ಪುಸ್ತಕ ತಂದಿಟ್ಟರು.

ನಂಬರಿನ ಮುಂದೆ ಇದ್ದದ್ದು ನಮ್ಮ ಸಿಪಾಯಿ ತಾತನ ಹೆಸರೇ. ನನಗೆ ನಿರಾಳವಾಯಿತು. ಆದರೆ ಅತ್ತೆಯ ಬೆರಳು ಸಾಲಿನುದ್ದಕ್ಕೂ ಸರಿಯುತ್ತಲೇ ಇತ್ತು. ಎತ್ತರ ಐದಡಿ ಮೂರಂಗುಲ. ಎಡಭುಜ ತಗ್ಗು. ಸೇರಿದ್ದು 1866ರಲ್ಲಿ. ಹೆಂಡತಿ, ಒಬ್ಬಳು ಮಗಳು. ಕೊನೆಯ ಅಂಕಣದಲ್ಲಿ ಬೇರೆ ಶಾಯಿ: 1878ರಲ್ಲಿ, ಹಡಗು ಹತ್ತುವ ಮೊದಲು, ಬಂದರಿನ ಆಸ್ಪತ್ರೆಯಲ್ಲಿ ಜ್ವರದಿಂದ ಮರಣ. ಮನೆಯವರಿಗೆ ತಿಳಿಸಲಾಗಿದೆ.

ಅತ್ತೆಯ ತಾತ ಹುಟ್ಟಿದ್ದು 1882ರಲ್ಲಿ.

ಅದೇ ಪುಟದಲ್ಲಿ ಏಳು ಸಾಲು ಕೆಳಗೆ, ಅಂಚಿನಲ್ಲಿ ಪೆನ್ಸಿಲಿನ ಚುಕ್ಕೆ ಕಂಡದ್ದು ನನಗೆ. ಒಂದಲ್ಲ, ಒಂದರ ಕೆಳಗೊಂದು ಮೂರು ಚುಕ್ಕೆ. ಆ ಸಾಲಿನಲ್ಲಿದ್ದವನು ಅದೇ ತುಕಡಿಯವನು. ಎತ್ತರ ಐದಡಿ ಹತ್ತಂಗುಲ. ತಂದೆ ತಾಯಿ: ಗೊತ್ತಿಲ್ಲ. ಊರು: ಗೊತ್ತಿಲ್ಲ. ಜ್ವರದ ಸಾವಾದ ನಾಲ್ಕನೇ ದಿನ ಬಂದರಿನಿಂದ ಕಾಣೆಯಾದ. ಹುಡುಕಿಸಿದರೂ ಸಿಗಲಿಲ್ಲ. ಅತ್ತೆ ಅವನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮಡಚಿಟ್ಟಳು.

"ಈ ಪುಸ್ತಕ ಬೇರೆ ಯಾರು ಕೇಳಿದ್ದಾರೆ?" ಎಂದು ವಿಚಾರಿಸಿದಳು.

ದಫ್ತರದವರು ಹಿಂದಿನ ರಟ್ಟು ತೆರೆದರು. ಓದಲು ತೆಗೆದುಕೊಂಡವರ ಚೀಟಿಗಳನ್ನು ಅಲ್ಲಿ ಒಂದರ ಮೇಲೊಂದು ಅಂಟಿಸುವ ಪದ್ಧತಿ. ನೂರಿಪ್ಪತ್ತು ವರ್ಷದಲ್ಲಿ ಇದ್ದದ್ದು ಮೂರೇ ಚೀಟಿ. ಮೊದಲನೆಯದು ಅತ್ತೆಯ ತಾತನದ್ದು. ಎರಡನೆಯದು ಅವಳ ಅಪ್ಪನದ್ದು. ಮೂರನೆಯದಕ್ಕೆ ಎಂಟು ವರ್ಷ ವಯಸ್ಸು. ಅಕ್ಷರ ನೋಡಿಯೇ ನನಗೆ ಗುರುತಾಯಿತು. ನನ್ನ ಅಪ್ಪನ ಸಹಿ. ನನ್ನದು ಅವನದೇ ಮುಖ.

ಮರುದಿನ ಬೆಳಿಗ್ಗೆ ಅತ್ತೆ ನಮ್ಮ ಮನೆಗೆ ಬಂದಳು. ಅಪ್ಪ ನಡುಮನೆಯಲ್ಲಿ ಪಟದ ಕೆಳಗೇ ಕೂತು ಪೇಪರ್ ಓದುತ್ತಿದ್ದ. ಅವಳು ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ಕಡತದ ಕಚೇರಿಗೆ ಹೋಗಿದ್ದೆ ಕಣೋ."

ಅಪ್ಪ ಪೇಪರ್ ಮಡಚಿದ. ಮಡಚಿದ್ದನ್ನೇ ಇನ್ನೊಮ್ಮೆ ಮಡಚಿದ.

"ನಿಂಗೂ ಗೊತ್ತಾಯ್ತಾ ಅಕ್ಕ?"

"ನಿಂಗೆ ಹೇಗೆ ಗೊತ್ತಾಯ್ತು ಅದನ್ನ ಹೇಳು."

"ಅಪ್ಪ ಹೋಗೋ ಮುಂಚೆ ನನ್ನೊಬ್ಬನ್ನೇ ಒಳಗೆ ಕರೆದರು. ನಂಬರ್ ಹೇಳಿದ್ರು. ಹೋಗಿ ನೋಡ್ಕೊಂಡು ಬಾ, ಬಂದ ಮೇಲೆ ಬಾಯಿ ಬಿಡಬೇಡ, ನಿನ್ನ ಮಗನಿಗೆ ಹೇಳೋ ಕಾಲ ಬಂದಾಗ ಹೇಳು ಅಂದ್ರು. ಅವರಿಗೂ ಅವರಪ್ಪ ಹಾಗೇ ಹೇಳಿದ್ದಂತೆ." ಅಪ್ಪ ನನ್ನ ಕಡೆ ನೋಡಲಿಲ್ಲ. "ಯಾರ ಮನೆಯವರು ನಾವು ಅಂತಲೇ ಗೊತ್ತಿಲ್ಲದ ಮೇಲೆ ಏನಂತ ಹೇಳೋದು ಅಕ್ಕ?"

"ಗಂಡಸರೇ ನೋಡ್ಕೊಂಡು ಗಂಡಸರೇ ಮುಚ್ಚಿಟ್ರಿ" ಎಂದಳು ಅತ್ತೆ. ಸಿಟ್ಟಿನಿಂದೇನಲ್ಲ. "ಗಂಡ ಸತ್ತ ಅಂತ ಕಾಗದ ಬಂದದ್ದು ಆ ಹೆಂಗಸಿಗೆ. ಆಮೇಲೆ ಬಾಗಿಲಿಗೆ ಬಂದವನಿಗೆ ಆ ಕೋಟು ಸರಿಮಾಡಿ ಹಾಕ್ಸಿದ್ದೂ ಅವಳೇ. ಬಂದ ತಿಂಗಳಲ್ಲೇ ಇವರು ಊರು ಬಿಟ್ಟು ಇಲ್ಲಿಗೆ ಬಂದ್ರಂತಲ್ಲ, ಯಾಕೆ ಅಂತ ಈಗ ಅರ್ಥ ಆಯ್ತು. ಆದ್ರೆ ಆ ಮಗಳು? ಆಗ ಅವಳಿಗೆ ಏಳು ವರ್ಷ. ಅವಳಿಗೆ ಗೊತ್ತಾಗಲಿಲ್ವಾ?"

ಆ ಮಗಳ ಬಗ್ಗೆ ಮನೆಯಲ್ಲಿ ಒಂದೇ ಮಾತಿತ್ತು. ಅವಳನ್ನು ಎಲ್ಲರೂ ಮೂಗತ್ತೆ ಅನ್ನುತ್ತಿದ್ದರು. ಏಳನೇ ವರ್ಷದಲ್ಲಿ ಜ್ವರ ಬಂದು ಮಾತು ನಿಂತುಹೋಯಿತಂತೆ. ಬೆತ್ತದ ಕುರ್ಚಿ ಹೆಣೆಯುವವರ ಮನೆಗೆ ಮದುವೆ ಮಾಡಿಕೊಟ್ಟರಂತೆ. ಅಷ್ಟೇ. ಆಮೇಲೆ ಆ ಕಡೆಯವರ ಜೊತೆ ಹೋಗಿಬರುವುದಿರಲಿಲ್ಲ.

ಅತ್ತೆ ಸುಮ್ಮನಿರಲಿಲ್ಲ. ಕುರ್ಚಿ ಹೆಣೆಯುವವರ ಬೀದಿಗಳನ್ನೆಲ್ಲ ವಿಚಾರಿಸಿದಳು. ಎರಡು ತಿಂಗಳಾದ ಮೇಲೆ, ನದಿಯ ಪಕ್ಕದ ಒಂದು ಓಣಿಯಲ್ಲಿ ಮನೆ ಸಿಕ್ಕಿತು. ನಾನೂ ಜೊತೆಗೆ ಹೋದೆ. ಮನೆಯ ಮುಂದೆ ನೀರಿನ ತೊಟ್ಟಿಯಲ್ಲಿ ಬೆತ್ತ ನೆನೆಹಾಕಿದ್ದರು. ಸೀಟಿಲ್ಲದ ಕುರ್ಚಿಗಳು ಗೋಡೆಗೆ ಸಾಲಾಗಿ ಒರಗಿದ್ದವು. ಒಳಗಿನಿಂದ ಎಂಬತ್ತು ದಾಟಿದ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದಳು. ಗಿಡ್ಡ, ಕಿರಿದಾದ ಬೆನ್ನು. ಅತ್ತೆ ಥಟ್ಟನೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಜ್ಜಿಯ ಎಡಭುಜ ಒಂದು ಅಂಗುಲ ಇಳಿದಿತ್ತು.

ಅವಳು ಮೂಗತ್ತೆಯ ಮೊಮ್ಮಗಳು. ಕಣ್ಣು ಮಂಜಾಗಿದ್ದರೂ ಬಾಯಿ ಚುರುಕು. ಅತ್ತೆ ಹಿಂಜರಿಯುತ್ತಲೇ, "ನಿಮ್ಮಜ್ಜಿಗೆ ಮಾತು ಬರ್ತಿರಲಿಲ್ಲ ಅಂತ ಕೇಳಿದ್ವಿ" ಎಂದಳು.

"ಯಾರಿಗೆ, ನಮ್ಮಜ್ಜಿಗಾ?" ಮುದುಕಿ ನಕ್ಕಳು. "ಅವಳು ಬಾಯಿ ಮುಚ್ಚಿದ್ರೆ ತಾನೆ. ನಮ್ಮ ತಾತ ಕಿವಿಗೆ ಹತ್ತಿ ಇಟ್ಕೊಂಡು ಕುರ್ಚಿ ಹೆಣೀತಿದ್ದ. ಈ ಮನೆ ಹೊಸಿಲು ದಾಟಿದ ದಿನಾನೇ ಮಾತು ಶುರು ಮಾಡಿದ್ಲಂತೆ, ಸಾಯೋವರೆಗೂ ನಿಲ್ಲಿಸಲಿಲ್ಲ."

"ಮತ್ತೆ ತವರಲ್ಲಿ?"

ಅಜ್ಜಿಯ ನಗು ಇಳಿಯಿತು. "ತವರಲ್ಲಿ ಆಡಲಿಲ್ಲ. ಯಾಕೆ ಅಂತ ನಾನೇ ಕೇಳಿದೀನಿ. ಒಂದಿನ ಮನೆಗೆ ಒಬ್ಬರು ಬಂದ್ರು, ಅಮ್ಮ ಅವರನ್ನ ಅಪ್ಪ ಅನ್ನು ಅಂದಳು, ಅವರು ಅಪ್ಪ ಆಗಿರಲಿಲ್ಲ, ಅಂತ ಹೇಳಿದ್ಲು. ಕೆಟ್ಟವರಲ್ವಂತೆ. ನಮ್ಮಜ್ಜಿ ಉಣ್ಣೋವರೆಗೂ ಅವರು ಉಣ್ತಿರಲಿಲ್ವಂತೆ. ಆದ್ರೆ ಏನಂತ ಕರೀಬೇಕೋ ಗೊತ್ತಾಗಲಿಲ್ಲ. ಸುಳ್ಳು ಹೇಳೋಕೆ ನಾಲಿಗೆ ಏಳ್ಲಿಲ್ಲ, ನಿಜ ಹೇಳಿದ್ರೆ ಅಮ್ಮನಿಗೆ ಕಷ್ಟ. ಅದಕ್ಕೆ ಪೂರ್ತಿ ಬಿಟ್ಟುಬಿಟ್ಲು. ಹತ್ತು ವರ್ಷ, ಆ ಮನೆಯಲ್ಲಿ, ಒಂದು ಮಾತಿಲ್ಲ."

ಹೊರಗೆ ತೊಟ್ಟಿಯಲ್ಲಿ ಯಾರೋ ಬೆತ್ತ ತಿರುವಿದ ಸದ್ದಾಯಿತು. ಅತ್ತೆ ಕೇಳಿದಳು: "ಆಮೇಲೆ ಯಾವತ್ತೂ ಅಲ್ಲಿಗೆ ಹೋಗಲಿಲ್ವಾ?"

"ಒಂದೇ ಸಲ. ಅವರು ಹೋದಾಗ. ಹೆಣ ನಡುಮನೆಯಲ್ಲಿತ್ತು, ಊರೆಲ್ಲ ಸೇರಿತ್ತು. ಇವಳು ಕಾಲ ಹತ್ತಿರ ನಿಂತು ಒಂದು ಹೆಸರು ಹೇಳಿದ್ಲಂತೆ, ಗಟ್ಟಿಯಾಗಿ. ಅವರ ಹೆಸರಲ್ಲ, ಬೇರೆ ಯಾರದೋ. ಮೂಗಿ ಮಾತಾಡಿದ್ಲು ಅಂತ ಜನ ಬೆಚ್ಚಿಬಿದ್ದು ಹಿಂದೆ ಸರಿದ್ರಂತೆ. ಅವಳ ಅಮ್ಮ ಒಬ್ಬಳೇ ತಲೆ ಎತ್ತಲಿಲ್ವಂತೆ."

"ಯಾವ ಹೆಸರು, ನೆನಪಿದೆಯಾ?"

ಅಜ್ಜಿ ಹೇಳಿದಳು. ಅತ್ತೆ ಚೀಲದಿಂದ ಚೀಟಿ ತೆಗೆದು ಬಿಚ್ಚಿ ನನಗೆ ತೋರಿಸಿದಳು. ಬಂದರಿನಿಂದ ಕಾಣೆಯಾದವನ ಹೆಸರು, ಅದೇ.

"ನಿಮ್ಮಜ್ಜಿಗೆ ಆ ಹೆಸರು ಹೇಗೆ ಗೊತ್ತಾಯ್ತು?" ಎಂದು ನಾನು ಕೇಳಿದೆ.

"ಅವರೇ ಹೇಳಿದ್ರಂತಪ್ಪ. ಎಷ್ಟೋ ಸಲ, ಹಿತ್ತಲಲ್ಲಿ ಕೂತ್ಕೊಂಡು. ಯಾರಿಗೂ ಹೇಳೋದಿಲ್ಲ ಅಂತ ಗ್ಯಾರಂಟಿ ಇದ್ದದ್ದು ಇವಳೊಬ್ಬಳ ಹತ್ರ ತಾನೆ."

ವಾಪಸ್ ಬರುವಾಗ ರೈಲಿನಲ್ಲಿ ಅತ್ತೆ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ನನಗೆ ಆ ಹಿತ್ತಲೇ ಕಣ್ಣ ಮುಂದೆ ನಿಂತಿತ್ತು. ಉದ್ದನೆಯ ಮನುಷ್ಯನೊಬ್ಬ ಮಾತಾಡದ ಹುಡುಗಿಯ ಎದುರು ಕೂತು, ತನ್ನ ಹೆಸರು ತನಗೇ ಮರೆತುಹೋಗದ ಹಾಗೆ ಹೇಳಿಕೊಳ್ಳುತ್ತಿರುವುದು. ಅವನು ಯಾಕೆ ಬಂದ, ಸಾಯುವವನೇ ಕಳಿಸಿದನಾ, ತಾನಾಗಿ ಬಂದನಾ, ಬಾಗಿಲು ತೆರೆದಾಗ ಆ ಹೆಂಗಸು ಏನೆಂದಳು, ಯಾವುದೂ ನಮಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ಮೊದಲಿನಿಂದ ಕೊನೆಯವರೆಗೂ ಹೇಳಿದಳು. ಅಮ್ಮನ ಎದುರು, ನನ್ನ ಅಕ್ಕತಂಗಿಯರ ಎದುರು. ಕೊನೆಗೆ ಆ ಹೆಸರನ್ನೂ ಹೇಳಿದಳು. ಎಂಟು ವರ್ಷದ ಹಿಂದೆಯೇ ಅದನ್ನು ಓದಿದ್ದ ಅಪ್ಪ ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ತುತ್ತು ಹಿಡಿದ ಕೈ ತಟ್ಟೆಯಲ್ಲೇ ನಿಂತಿತು. ಎರಡು ವಾರ ಅವನು ಅಕ್ಕನ ಜೊತೆ ಮಾತು ಬಿಟ್ಟಿದ್ದ. ಮೂರನೇ ವಾರ ತಾನಾಗಿಯೇ ಅಂಗಡಿಗೆ ಹೋಗಿ, "ಆ ಅಜ್ಜಿ ಮನೆಗೆ ನನ್ನೂ ಕರ್ಕೊಂಡು ಹೋಗ್ತೀಯಾ?" ಎಂದನಂತೆ.

ಹೋದರು. ಮತ್ತೆ ಮತ್ತೆ ಹೋದರು. ನಮ್ಮ ಮನೆಯ ಕುರ್ಚಿಗಳೆಲ್ಲ ಹೊಸ ಬೆತ್ತ ಕಂಡವು. ಅಜ್ಜಿಗೆ ಅತ್ತೆ ಎರಡು ರವಿಕೆ ಹೊಲಿದುಕೊಟ್ಟಳು, ಎಡಭುಜಕ್ಕೆ ಹತ್ತಿ ಇಟ್ಟು. ಮುಂದಿನ ವರ್ಷ ಅಜ್ಜಿ ತೀರಿಕೊಂಡಾಗ ನಾವೆಲ್ಲ ಹೋಗಿದ್ದೆವು. ಓಣಿಯ ಹೆಂಗಸೊಬ್ಬಳು ಅತ್ತೆಯನ್ನು ನೋಡಿ, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದಳು.

"ತಂಗಿ ಆಗಬೇಕು."

"ಹೌದಾ? ಯಾವ ಕಡೆಯಿಂದ?"

"ತಾಯಿ ಕಡೆಯಿಂದ. ನಮ್ಮಿಬ್ಬರಿಗೂ ಮುತ್ತಜ್ಜಿ ಒಬ್ಬಳೇ" ಎಂದು ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋದಳು.