ಹಲ್ಲು ನೋಡಿ ತಂದ ಸಿಸ್ಟಮ್

ತಾಳಗುಂದದ ಮಾಳಿಂಗಪ್ಪ ಬಾಯಿ ಬಿಡಿಸಿ ಹಲ್ಲು ನೋಡದೆ ಸಂತೆಯಲ್ಲಿ ಒಂದು ಕುರಿಯನ್ನೂ ಕೊಂಡವನಲ್ಲ. ಹೆಂಡತಿ ಸುಮಾ ಗುಜರಿಗೆ ಹಾಕಲು ಹೊರಟಿದ್ದ ಹಳೇ ಕಂಪ್ಯೂಟರಿನ ಪ್ರಾಣ ಉಳಿಸಲು ಹೊಸ ಆಪರೇಟಿಂಗ್ ಸಿಸ್ಟಮ್ ಡೌನ್‌ಲೋಡ್ ಮಾಡಿದಾಗಲೂ ಅದೇ ಶಿಸ್ತು. ಫೈಲು ಕೆಡದೆ ಬಂದಿದೆಯೇ ಎಂದು ತಿಳಿಸುವ ಉದ್ದನೆಯ ಚೆಕ್‌ಸಮ್ ಸಂಕೇತವನ್ನು ವೆಬ್‌ಸೈಟಿನಲ್ಲಿ ಕೊಟ್ಟದ್ದರ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ, ಯುದ್ಧ ಗೆದ್ದವನಂತೆ ಮೀಸೆ ತಿರುವಿದ.

"ಒಂದು ಹಲ್ಲೂ ಅಲುಗಾಡಲ್ಲ ಕಣೇ!"

ಆ ಫೈಲು ತುಂಬಿದ ಪೆನ್‌ಡ್ರೈವನ್ನು ಹಳೇ ಕಂಪ್ಯೂಟರಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದೇ ಸಾಲು: ಇದು ಅರವತ್ನಾಲ್ಕು ಬಿಟ್ ಯಂತ್ರಕ್ಕೆ, ನಿಮ್ಮದು ಮೂವತ್ತೆರಡರದ್ದು.

ಸುಮಾ ಸೆರಗಲ್ಲಿ ನಗು ಮುಚ್ಚಿಕೊಂಡಳು. "ಕುರಿ ಹಲ್ಲೇನೋ ನೋಡಿದ್ರಿ. ನಮ್ಮ ದೊಡ್ಡಿ ಬಾಗಿಲಲ್ಲಿ ಅದು ತೂರ್ತದಾ ಅಂತ ನೋಡಿದ್ರಾ?"

ಅಷ್ಟರಲ್ಲಿ ಗುಜರಿಯವನು ಬಾಗಿಲಿಗೆ ಬಂದ. ಮಾಳಿಂಗಪ್ಪ ಗಂಭೀರವಾಗಿ ಎದ್ದು ಹೋಗಿ, ಅವನ ತಕ್ಕಡಿಯನ್ನು ಪರೀಕ್ಷಿಸತೊಡಗಿದ.