ಹಳೇಬೀಡಿನ ಕಾಫಿ ಬಿಲ್ಲುಗಳು

ಆದಾಯ ತೆರಿಗೆಯವರ ನೋಟಿಸು ಇಂಗ್ಲಿಷಿನಲ್ಲಿತ್ತು. ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಗೆ ಬರುವ ಇಂಗ್ಲಿಷೆಲ್ಲ ಮೊದಲು ನನ್ನ ಕೈಗೇ ಬರುತ್ತದೆ. ಕಾನ್ವೆಂಟಿನಲ್ಲಿ ಓದಿದವಳೆಂದು ಮದುವೆಯಾದ ವರ್ಷವೇ ಯಜಮಾನರು ನನಗೆ ವಹಿಸಿಕೊಟ್ಟ ಖಾತೆ ಅದು. ಮಂಡಿಯಲ್ಲಿ ನಾನು ಪಾರ್ಟ್ನರ್ ಕೂಡ. ಮೂರು ವರ್ಷದ ಹಿಂದಿನ ಲೆಕ್ಕದಲ್ಲಿ ನಾವು ಖರ್ಚೆಂದು ಕಳೆದು ತೋರಿಸಿದ್ದರಲ್ಲಿ ಕೆಲವು ಅನುಮಾನಕ್ಕೆ ಎಡೆಕೊಡುತ್ತವೆ, ದಯವಿಟ್ಟು ಪುರಾವೆ ಒದಗಿಸಿ ಎಂದು ಬರೆದಿದ್ದರು. ಎಷ್ಟು ಪೊಲೈಟ್ ಆದ ಭಾಷೆ! ನಮ್ಮ ಸ್ಕೂಲಿನ ಸಿಸ್ಟರ್ ಕೂಡ ಬೈಯುವ ಮುಂಚೆ ಹೀಗೇ ‘ಕೈಂಡ್ಲಿ’ ಎನ್ನುತ್ತಿದ್ದರು.

ಆಫೀಸರ್ ಎದುರು ನಿಂತು ಏನು ಹೇಳಬೇಕೆಂದು ಎಲೊಕ್ಯೂಷನ್ ಕಾಂಪಿಟಿಷನ್ನಿಗೆ ತಯಾರಾಗುವವಳ ಹಾಗೆ ನಾಲ್ಕು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಮಂಡಿಗೆ ರಜೆಯಿದ್ದ ದಿನ ನಮ್ಮ ಆಡಿಟರ್ ಲ್ಯಾಪ್‌ಟಾಪು ಹಿಡಿದು ಮನೆಗೆ ಬಂದಳು. ಇದೇ ಊರಿನ ಹೆಣ್ಣುಮಗಳು, ಮೂವತ್ತು ದಾಟಿದ್ದಾಳಷ್ಟೆ. ನನ್ನ ತಯಾರಿ ಕೇಳಿ ನಕ್ಕಳು.

“ಆಫೀಸರ್ ಮುಖಾನೇ ನೋಡಲ್ಲ ಆಂಟಿ. ಎಲ್ಲಾ ಆನ್‌ಲೈನು. ಸ್ಕ್ಯಾನ್ ಮಾಡಿ ಹಾಕೋದು, ಅಷ್ಟೆ.”

ಸ್ವಲ್ಪ ಡಿಸಪಾಯಿಂಟ್ ಆಯಿತು.

ನಡುಮನೆಯಲ್ಲಿ ಚಾಪೆ ಹಾಸಿ ಯಜಮಾನರೂ ಸೇರಿ ಮೂವರೂ ವೋಚರುಗಳನ್ನು ಹರಡಿಕೊಂಡು ಕೂತೆವು. ಕಿಟಕಿಯಿಂದ ಬಿಸಿಲು ನಿಧಾನವಾಗಿ ಕಾಗದಗಳ ಮೇಲೆ ಬಂದು ಕೂತಿತು. ಪ್ರತಿ ಕಾಗದಕ್ಕೂ ಕೊಬ್ಬರಿಯ ವಾಸನೆ. ಒಂದೊಂದನ್ನು ಎತ್ತಿದಾಗಲೂ ಮರೆತೇಹೋಗಿದ್ದ ಒಂದು ಮಧ್ಯಾಹ್ನ, ಯಾರದೋ ಮನೆಯ ಮಜ್ಜಿಗೆ, ಬಾಣಾವರದ ಗೇಟಿನಲ್ಲಿ ರೈಲು ಹೋಗಲೆಂದು ಕಾದದ್ದು, ಎಲ್ಲ ತೇಲಿ ಬರುತ್ತಿತ್ತು.

“ಇದೇನು ಸಾರ್, ಬೆಕ್ಕಿನ ಹಾಲು ಅಂತ ತಿಂಗಳಾ ತಿಂಗಳಾ ಬರೆದಿದ್ದೀರಾ?”

“ಗೋಡೌನಿನ ಬೆಕ್ಕು ಕಣಮ್ಮ. ಅದಿಲ್ದಿದ್ರೆ ಇಲಿ ಅರ್ಧ ಚೀಲ ಖಾಲಿ ಮಾಡ್ತವೆ. ಅದು ನಮ್ಮ ಸ್ಟಾಫು.”

“ಇರಲಿ ಬಿಡಿ, ಇದು ನಿಜವಾದ ಖರ್ಚೇ,” ಎಂದು ಅವಳು ಪಕ್ಕಕ್ಕಿಟ್ಟಳು.

ಆಮೇಲೆ ಪ್ರಯಾಣದ ಕಟ್ಟು ಬಂತು. ತೆಂಗಿನಕಾಯನ್ನು ರೈತರು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಕಾಯಿ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಗ ವ್ಯಾಪಾರಿ ಹೋಗಿ ಕಿವಿಯ ಹತ್ತಿರ ಹಿಡಿದು ಕೇಳಿ ದರ ಹೇಳುವುದು ನಮ್ಮ ಕಡೆಯ ಪದ್ಧತಿ. ಅಂಥ ಓಡಾಟದ ಪೆಟ್ರೋಲು ಧಾರಾಳವಾಗಿ ಖರ್ಚಿಗೆ ಬರೆಯಬಹುದು. ಕಟ್ಟಿನಲ್ಲಿ ಒಂದರ ಹಿಂದೊಂದು ಹನ್ನೊಂದು ವೋಚರು, ವಾರಕ್ಕೊಂದು: ‘ಹಗರೆ, ಅಟ್ಟದ ಮಾಲು ನೋಡಲು.’

ಆ ವಾರಗಳು ನನಗೆ ಗೊತ್ತು. ನನ್ನ ತಂಗಿ ತೀರಿಕೊಂಡ ಮೇಲಿನ ವಾರಗಳು. ಒಂದೇ ಕಾನ್ವೆಂಟಿನಲ್ಲಿ ಓದಿದವರು ನಾವು. ನಾನು ಮಾತೇ ನಿಲ್ಲಿಸಿದ್ದೆ. ಒಂದು ಬೆಳಿಗ್ಗೆ ಯಜಮಾನರು, “ಹಗರೇಲಿ ಮಾಲು ನೋಡೋದೈತೆ. ಒಬ್ನೇ ಓಡಿಸಿದ್ರೆ ನಿದ್ದೆ ಬರುತ್ತೆ, ಬಾ,” ಎಂದರು. ಕೆಲಸವೆಂದಮೇಲೆ ಎದ್ದು ಹೋದೆ. ದಾರಿಯಲ್ಲಿ ಸಿಗುವ ಹಳೇಬೀಡಿನ ಕೆರೆ ಏರಿಯ ಮೇಲೆ ನನ್ನನ್ನು ಇಳಿಸಿ, “ಇಲ್ಲೇ ಕೂತಿರು, ಒಂದು ಗಂಟೇಲಿ ಬರ್ತೀನಿ,” ಎಂದು ಹೋಗುತ್ತಿದ್ದರು. ನೀರು, ಆಚೆಗೆ ಬೆಟ್ಟ, ಗಾಳಿ. ನಾನು ಏನನ್ನೂ ಯೋಚಿಸದೆ ಕೂತಿರುತ್ತಿದ್ದೆ. ಹೀಗೆ ಹನ್ನೊಂದು ವಾರ.

“ಪಾರ್ಟ್ನರ್ ಅಂತ ನೀವು ಸೈನ್ ಮಾಡ್ಬೇಕು ಆಂಟಿ,” ಎಂದಳು ಆಡಿಟರ್. “ಈ ಓಡಾಟ ಎಲ್ಲಾ ವ್ಯಾಪಾರಕ್ಕೇ ಅಂತ ಒಂದು ಲೆಟರ್. ಒಂದು ಸುಳ್ಳು ಅಂತ ಸಿಕ್ಕಿದ್ರೂ ಉಳಿದಿದ್ದನ್ನ ನಂಬಲ್ಲ. ಹಮಾಲರಿಗೆ ಕೊಟ್ಟ ಕೂಲೀನೂ ಖರ್ಚು ಅಂತ ಒಪ್ಪಲ್ಲ.”

ಪೆನ್ನು ತೆಗೆದುಕೊಂಡೆ. ಆಗ ವೋಚರಿನ ಹಿಂದೆ ಗುಂಡುಪಿನ್ನಿನಲ್ಲಿ ಚುಚ್ಚಿದ ಪುಟ್ಟ ಬಿಲ್ಲು ಬೆರಳಿಗೆ ತಾಕಿತು. ಯಜಮಾನರು ಎಲ್ಲಿ ಏನು ಕುಡಿದರೂ ಬಿಲ್ಲು ಕೇಳಿ ತರುವ ವ್ಯಾಪಾರಿ. ಹಳೇಬೀಡಿನ ಹೋಟೆಲು. ಕಾಫಿ ಎರಡು, ವಡೆ ಒಂದು. ಮುಂದಿನ ವಾರದ್ದೂ ಅದೇ ಹೋಟೆಲು. ಹನ್ನೊಂದೂ. ನಾನು ಆ ಹೋಟೆಲಿಗೆ ಒಮ್ಮೆಯೂ ಹೋದವಳಲ್ಲ; ಎರಡು ಕಾಫಿಗೆ ಒಬ್ಬರಿಗೆ ಒಂದು ಗಂಟೆ ಸರಿಯಾಗಿ ಹಿಡಿಯುತ್ತದೆ.

“ರೀ, ನೀವು ಹಗರೆಗೆ ಹೋಗಿದ್ರಾ?”

“ಹೋಗಿದ್ದೆ.”

“ನೀವು ಹೋಗೋಕೆ ಶುರು ಮಾಡ್ದಾಗ ಆ ಅಟ್ಟಕ್ಕೆ ಕಾಯಿ ಹಾಕಿ ಇನ್ನೂ ತಿಂಗಳಾಗಿರಲಿಲ್ಲ. ವಾರ ವಾರ ಹೋಗಿ ಏನು ಕೇಳಿಸ್ಕೊಂಡ್ರಿ, ಎಳನೀರಾ?”

ಆಡಿಟರ್ ತಲೆ ತಗ್ಗಿಸಿ ನಗು ತಡೆದುಕೊಂಡಳು. ಯಜಮಾನರ ಕಿವಿ ಕೆಂಪಾಯಿತು. “ಕೆಲಸಾನೇ ಕಣೇ ಅದು. ಸುಮ್ನೆ ಸೈನ್ ಹಾಕು. ದೊಡ್ಡ ಸತ್ಯಸಂಧೆ ಇವ್ಳು.”

ಸರ್ಕಾರಕ್ಕೆ ಹೇಳುವ ಮುಂಚೆ ಆ ಸುಳ್ಳನ್ನು ಅವರು ನನಗೆ ಹೇಳಿದ್ದರು. ಹವಾ ಬದಲಾವಣೆಗೆ ಬಾ ಎಂದಿದ್ದರೆ ನಾನು ಖಂಡಿತ ಏಳುತ್ತಿರಲಿಲ್ಲ. ಆಮೇಲೆ ಹೇಳಿದ ಮಾತಿಗೆ ತಪ್ಪಬಾರದೆಂಬಂತೆ ಪುಸ್ತಕದಲ್ಲೂ ಅದನ್ನೇ ಬರೆದಿಟ್ಟಿದ್ದರು. ವ್ಯಾಪಾರಕ್ಕೆಂದು ಸಹಿ ಮಾಡಿದರೆ ದುಡ್ಡು ಉಳಿಯಬಹುದು; ಆದರೆ ಆ ಏರಿಯ ಬೆಳಗುಗಳು ಪೆಟ್ರೋಲ್ ಖರ್ಚಾಗಿಯೇ ಉಳಿದುಬಿಡುತ್ತವೆ. ಅದು ನನಗೆ ಬೇಡವಾಗಿತ್ತು.

“ಈ ಹನ್ನೊಂದನ್ನೂ ವಾಪಸ್ ತಗೊಳ್ತೀವಿ ಅಂತ ಬರಿಯಮ್ಮ,” ಎಂದೆ. “ಪರ್ಸನಲ್ ಅಂತ ಹಾಕು.”

“ಟ್ಯಾಕ್ಸು, ಬಡ್ಡಿ ಎರಡೂ ಬೀಳುತ್ತೆ ಆಂಟಿ. ಪೆನಾಲ್ಟೀನೂ ಹಾಕಬಹುದು.”

“ಬೀಳಲಿ.”

ಲೆಟರ್ ತಿದ್ದಿದಳು. ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ ಅಕ್ಷರ ಅಕ್ಷರವೂ ಕಾಣುವಂತೆ ಸಹಿ ಮಾಡಿದೆ. ಯಜಮಾನರು ಪಂಚೆ ಕೊಡವಿಕೊಂಡು ಜಗುಲಿಗೆ ಹೋದರು.

ಅವಳು ಹೋದ ಮೇಲೆ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಬೀದಿಯಲ್ಲಿ ಆಟೋ ಒಂದು ಹೋಯಿತು. ಅವರು ನನ್ನ ಕಡೆ ತಿರುಗದೆಯೇ ಹೇಳಿದರು:

“ಆರನೇ ವಾರ ನೀನು ನಕ್ಕಿದ್ದೆ. ಕುರಿಯೊಂದು ಬಂದು ನಿನ್ನ ಸೆರಗಿಗೆ ಬಾಯಿ ಹಾಕ್ತು. ಹೋಟ್ಲಿಂದ ಚೆನ್ನಾಗಿ ಕಾಣ್ತಿತ್ತು.”

ನನಗೆ ಆ ಕುರಿ ನೆನಪೇ ಇಲ್ಲ. “ಯಾವ ಬಣ್ಣದ್ರೀ?” ಎಂದು ಕೇಳಿದೆ. ಅವರು ಹೇಳತೊಡಗಿದರು.